ಅಕ್ಕನ ಫೋನಿನ ಅಡುಗೆಮನೆಗಳು

ಅಕ್ಕ ತೀರಿಕೊಂಡ ಮೇಲೆ ಆಕೆಯ ನಂಬರಿಗೆ ರೀಚಾರ್ಜ್ ಮಾಡಿಸಲು ಹೋದೆ. ಶಹಾಪುರದ ಬಸ್ ನಿಲ್ದಾಣದ ಎದುರಿನ ಮೊಬೈಲ್ ಅಂಗಡಿಯವನು ನಂಬರು ಒತ್ತಿದ. ಪರದೆಯ ಮೇಲೆ ಬಂದ ಹೆಸರು ನೋಡಿ ಕೈ ತಡೆದ.

“ಇದು ದೊಡ್ಡಕ್ಕಾರ ನಂಬರ್ ಅಲ್ರೀ?”

“ಹೌದ್ರಿ.”

“ಅವರು ಈಗ...”

“ಹೌದ್ರಿ. ನೀವು ಹಾಕ್ರಿ.”

“ಸುಮ್ನ ಯಾಕ ಮಾಡಸ್ತೀರಿ? ಸಿಮ್ ಬಂದ್ ಮಾಡಿಸಿಬಿಡ್ರಿ. ಹ್ಯಾಂಗ ಮಾಡೂದು ನಾ ಹೇಳ್ತೀನಿ.”

ಆತ ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆ ದಿನಗಳಲ್ಲಿ ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು. ಅಂಗಡಿ ಬಿಡು, ಮನೆಯಲ್ಲೇ ಹೊಲಿ, ಆಕೆಯ ಸೀರೆ ಹಂಚಿಬಿಡು, ಫೋನು ಬಂದ್ ಮಾಡು. ಸೀರೆ ಹಂಚಿದೆ. ಉಳಿದದ್ದು ಯಾವುದನ್ನೂ ಮಾಡಲಿಲ್ಲ.

ಆ ನಂಬರು ಹೋದರೆ ಅಕ್ಕನ ಇನ್‌ಸ್ಟಾಗ್ರಾಮ್, ಪಿಂಟರೆಸ್ಟ್ ಖಾತೆಗಳೆಲ್ಲ ಹೋಗುತ್ತಿದ್ದವು. ಒಂದರ ಪಾಸ್‌ವರ್ಡೂ ನನಗೆ ಗೊತ್ತಿರಲಿಲ್ಲ. ಫೋನಿನ ಬೀಗ ತೆಗೆಯುವ ಗೆರೆ ಮಾತ್ರ ಗೊತ್ತಿತ್ತು. ಉಳಿದದ್ದಕ್ಕೆಲ್ಲ ಓಟಿಪಿ ಅದೇ ನಂಬರಿಗೆ ಬರಬೇಕು. ಆ ಖಾತೆಗಳಲ್ಲಿ ನಮ್ಮ ಅಂಗಡಿಯ ಅರ್ಧ ಇತ್ತು. ಇನ್ನರ್ಧ ಎಂದರೆ ನನ್ನ ಹೊಲಿಗೆ ಯಂತ್ರ ಮತ್ತು ಅಳತೆ ಟೇಪು.

ನಮ್ಮದು ಪರದೆ ಮತ್ತು ಸೋಫಾ ಬಟ್ಟೆಯ ಅಂಗಡಿ. ಹೊಸ ಮನೆ ಕಟ್ಟಿದವರು ಪರದೆಗೆಂದು ಬರುತ್ತಿದ್ದರು. ಅಕ್ಕ ಫೋನು ತೆಗೆದು ಟಿವಿ ಗೋಡೆ, ದೇವರ ಜಗಲಿ, ಅಡುಗೆಮನೆಯ ಚಿತ್ರ ತೋರಿಸುತ್ತಿದ್ದಳು. ಬಂದವರು ಪರದೆ ಮರೆತು ಮನೆಯ ಒಳಗಿನ ಕೆಲಸವನ್ನೇ ನಮಗೆ ಒಪ್ಪಿಸಿ ಹೋಗುತ್ತಿದ್ದರು. ಆಕೆ ಆರಿಸುವವಳು, ನಾನು ಅಳೆಯುವವಳು ಮತ್ತು ಹೊಲಿಯುವವಳು, ಕಟ್ಟಿಗೆ ಕೆಲಸಕ್ಕೆ ಒಬ್ಬ ಮೇಸ್ತ್ರಿ. ಹೀಗೆ ನಡೆದಿತ್ತು. ಜ್ವರ ಎಂದು ಕಲಬುರಗಿಯ ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ಆಕೆಯ ಫೋನು ಮಾತ್ರ ಬಂತು.

ಶಿವಗಣಾರಾಧನೆ ಮುಗಿದ ಮೇಲೆ ಅಕ್ಕನ ಗಂಡ ನನ್ನನ್ನು ಕರೆದರು. ನಾನು ಅವರನ್ನು ಮಾಮಾ ಎನ್ನುತ್ತೇನೆ. ಮೆತ್ತಗಿನ ಮನುಷ್ಯ. ಫೋನು ಅವರ ಎದುರಿಗೆ ಮಣೆಯ ಮೇಲಿತ್ತು.

“ಇದು ದಿನಾ ಟಣ್ ಅಂತದ ನೋಡವಾ. ನಿಮಗಾಗಿ ಹೊಸ ಅಡಗಿಮನಿ, ನಿಮಗಾಗಿ ಹೊಸ ಪಲ್ಲಂಗ, ಅಂತ ಕರೀತದ. ಯಾರ್ನ ಕರೀತದ ಇದು? ಎಲ್ಲಾ ಅಳಿಸಿ ನಮ್ಮ ತಮ್ಮನ ಮಗಳಿಗಿ ಕೊಟ್ಟುಬಿಡೂಣು. ಕಾಲೇಜಿಗಿ ಹೊಂಟಾಳ.”

“ಕೊಡಂಗಿಲ್ಲ ಮಾಮಾ.”

“ಮತ್ತ ದುಕಾನದ್ದು ಏನು? ಬಾಡಿಗಿಗಿ ಕೇಳಾಕತ್ತಾರ.”

“ದುಕಾನ ನಾ ನಡಸ್ತೀನಿ.”

“ನೀ ಹೊಲಿಯಾಕಿ. ಆರಿಸಾಕಿ ಹೋದಳಲ್ಲ.”

ಈ ಮಾತು ನನಗೆ ನಾಟಿತು, ಯಾಕೆಂದರೆ ಅದು ಖರೆ ಇತ್ತು. ಫೋನು ಎತ್ತಿಕೊಂಡೆ. “ಟಣ್ ಅನ್ನೂದು ನಾ ಬಂದ್ ಮಾಡ್ತೀನಿ. ಫೋನ್ ಬಂದ್ ಮಾಡಂಗಿಲ್ಲ,” ಎಂದು ಹೇಳಿ ಅಂಗಡಿಗೆ ಬಂದೆ.

ಅವಸರಕ್ಕೂ ಕಾರಣವಿತ್ತು. ಸುರಪುರದಲ್ಲಿ ಒಬ್ಬ ಟೀಚರ್ ಮನೆ ಕಟ್ಟಿಸುತ್ತಿದ್ದರು. ಒಳಗಿನ ಕೆಲಸ ಪೂರ್ತಿ ನಮಗೇ ಎಂದು ಅಕ್ಕನಿಗೆ ಮಾತು ಕೊಟ್ಟಿದ್ದರು. ಗೋಡೆಗೆ ಸಿಮೆಂಟಿನ ಗಿಲಾವು ಮಾಡುವ ಮೊದಲು ಅಡುಗೆಕಟ್ಟೆ ಎಲ್ಲಿ, ಗ್ಯಾಸು ಎಲ್ಲಿ, ಕರೆಂಟಿನ ಪಾಯಿಂಟು ಎಲ್ಲಿ ಎಂದು ಗೋಡೆ ಕಟ್ಟುವ ಗೌಂಡಿಗೆ ಗುರುತು ಹಾಕಿಕೊಡಬೇಕು. ಆಮೇಲೆ ಗೋಡೆ ಒಡೆಯಲು ಯಾರೂ ಒಪ್ಪುವುದಿಲ್ಲ. ನಡುವೆ ಯಾದಗಿರಿಯ ಒಂದು ಶೋರೂಮಿನವರು ಬಂದು, ಟ್ಯಾಬಿನಲ್ಲಿ ಮನೆಯನ್ನೇ ತಿರುಗಿಸಿ ತಿರುಗಿಸಿ ತೋರಿಸಿ ಹೋಗಿದ್ದರು. ಟೀಚರ್ ನನಗೆ ಫೋನು ಮಾಡಿ, “ನಿಮ್ಮಕ್ಕಾರ ಮ್ಯಾಲ ವಿಶ್ವಾಸ ಇಟ್ಟಿದ್ದೆ. ನೀವು ಏನ್ ತೋರಸ್ತೀರಿ ನೋಡ್ತೀನಿ. ಗೌಂಡಿ ಕಾಯಾಕತ್ತಾನ,” ಎಂದರು. ಆ ಮನೆ ಕೈತಪ್ಪಿದರೆ ಅಂಗಡಿಗೆ ಬೀಗ ಬೀಳುತ್ತದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ನನಗೆ ಮೊದಲೇ ಗೊತ್ತಿತ್ತು.

ಕೂತು ಫೋನು ತೆರೆದೆ. ಅಕ್ಕ ಚಿತ್ರಗಳನ್ನು ಒಂದು ಕಡೆ ಇಟ್ಟವಳಲ್ಲ. ಒಂದಿಷ್ಟು ಸ್ಕ್ರೀನ್‌ಶಾಟು. ಒಂದಿಷ್ಟು ಇನ್‌ಸ್ಟಾಗ್ರಾಮಿನಲ್ಲಿ ಸೇವ್ ಮಾಡಿದ್ದು. ಪಿಂಟರೆಸ್ಟಿನಲ್ಲಿ ಬೋರ್ಡುಗಳು. ಯೂಟ್ಯೂಬಿನಲ್ಲಿ ಆಮೇಲೆ ನೋಡಲು ಇಟ್ಟ ವಿಡಿಯೊ. ಪ್ಲೈವುಡ್ಡಿನವರು, ಟೈಲ್ಸಿನವರು ಕಳಿಸಿದ ಪಿಡಿಎಫ್. ಇದಲ್ಲದೆ ವಾಟ್ಸಾಪಿನಲ್ಲಿ ತಾನೊಬ್ಬಳೇ ಇದ್ದ ಗುಂಪು. ಅದರಲ್ಲಿ ತನಗೆ ತಾನೇ ಕಳಿಸಿಕೊಂಡ ಲಿಂಕುಗಳು. ಯಾವುದು ಎಲ್ಲಿದೆ ಎಂಬುದು ಆಕೆಯ ತಲೆಯಲ್ಲಿತ್ತು. ಗಿರಾಕಿ ಬಾಯಿ ತೆರೆಯುವ ಮೊದಲೇ ಆಕೆಯ ಬೆರಳು ಚಿತ್ರದ ಮೇಲೆ ನಿಂತಿರುತ್ತಿತ್ತು. ನಾನು ಹುಡುಕಿದರೆ ಕಿಟಕಿ ಬೇಕೆಂದಾಗ ಬಾಗಿಲು ಸಿಗುತ್ತಿತ್ತು.

ಮೊದಲ ಪೆಟ್ಟು ಬೇಗ ಬಿತ್ತು. ಸೇವ್ ಎಂದರೆ ಚಿತ್ರ ನಮ್ಮ ಹತ್ತಿರ ಇದೆ ಎಂದು ತಿಳಿದಿದ್ದೆ. ಇಲ್ಲ. ಅದು ಹಾಕಿದವರ ಹತ್ತಿರವೇ ಇರುತ್ತದೆ. ನಮ್ಮಲ್ಲಿ ದಾರಿ ಮಾತ್ರ. ಅವರು ತೆಗೆದರೆ ನಮಗೂ ಇಲ್ಲ. ಅಕ್ಕ ಬಹಳ ಇಷ್ಟಪಟ್ಟು ನನಗೆ ತೋರಿಸಿದ್ದ ಒಂದು ಪಡಸಾಲೆ ಒತ್ತಿದೆ. ಈ ಪುಟ ಲಭ್ಯವಿಲ್ಲ ಎಂದು ಬಂತು. ಅದರ ಮುಂದಿನದೂ ಹಾಗೇ. ಅವತ್ತು ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿಲ್ಲ. ಆಸ್ಪತ್ರೆಯಲ್ಲೂ ನಾನು ಅಷ್ಟು ಸಿಟ್ಟಾಗಿರಲಿಲ್ಲ. ಇನ್ನು ಒಂದು ಚಿತ್ರವನ್ನೂ ಹೋಗಲು ಬಿಡುವುದಿಲ್ಲ ಎಂದು ಕೂತೆ.

ಒಂದೊಂದನ್ನೇ ತೆರೆದು, ಚಿತ್ರ ಇಳಿಸಿಕೊಂಡು, ಅದರ ಹೆಸರಿನಲ್ಲಿ ಎಲ್ಲಿಂದ ಬಂತು ಎಂದು ಬರೆದು, ಗೂಗಲ್ ಡ್ರೈವಿನಲ್ಲಿ ಹಾಕತೊಡಗಿದೆ. ಫೋನಿನಲ್ಲಿ ಜಾಗ ತುಂಬಿತು. ಮೇಸ್ತ್ರಿಯಿಂದ ಹಳೆಯ ಲ್ಯಾಪ್‌ಟಾಪು ತಂದುಕೊಂಡೆ. ಅವನ ಮಗಳು ಓದು ಮುಗಿಸಿ ಬಿಟ್ಟದ್ದು. ವಾಟ್ಸಾಪಿನಿಂದ ಬಂದ ಚಿತ್ರ ಸವೆದಿರುತ್ತದೆ, ದೊಡ್ಡದು ಮಾಡಿದರೆ ಕಲಸಿಹೋಗುತ್ತದೆ. ಅದರ ಮೂಲ ಹುಡುಕಲು ಚಿತ್ರವನ್ನೇ ಕೊಟ್ಟು ಹುಡುಕುವ ದಾರಿ ಕಲಿತೆ. ಒಂದೇ ಚಿತ್ರ ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಒಂದನ್ನು ತೆಗೆಯುವಾಗ ಪ್ರತಿ ಸಲ ಕೈ ಹಿಂಜರಿಯುತ್ತಿತ್ತು. ನಡುನಡುವೆ ಬೇರೆಯದೂ ಬರುತ್ತಿತ್ತು: ಬೀರುವಿನ ಕನ್ನಡಿಯ ಅಂಚಿನಲ್ಲಿ ಅಕ್ಕನ ಅರ್ಧ ಮುಖ, ಟೇಪು ಹಿಡಿದ ನನ್ನ ಕೈ. ಅವನ್ನು ಬೇರೆ ಇಟ್ಟೆ.

ಮೇಸ್ತ್ರಿ ಚಹಾ ಹಿಡಿದುಕೊಂಡು ಬಂದು ಹಿಂದೆ ನಿಲ್ಲುತ್ತಿದ್ದ.

“ಏನ್ ಸಣ್ಣಕ್ಕ, ಹತ್ತಿ ಬಿಡಿಸಿದಂಗ ಬಿಡಸಾಕತ್ತೀರಿ.”

“ಬಿಡಿಸೂದು ಮುಗೀಲಿ, ಆಮ್ಯಾಲ ಮಾತಾಡೂಣು.”

“ಇನ್ನ ಮ್ಯಾಲ ನಿಮಗ ದೊಡ್ಡಕ್ಕ ಅನಬೇಕೇನು?”

“ಬ್ಯಾಡ. ಸಣ್ಣಕ್ಕನೇ ಇರ್ಲಿ.”

ಎಲ್ಲ ಬಂದ ಮೇಲೆ ಗುಂಪು ಮಾಡಬೇಕಿತ್ತು. ಹೇಗೆಂದು ತಿಳಿಯದೆ ಆ ಆ್ಯಪ್‌ಗಳೇ ಹೇಳುವ ಹೆಸರು ತೆಗೆದುಕೊಂಡೆ. ಮಾಡರ್ನ್, ಕ್ಲಾಸಿಕ್, ಮಿನಿಮಲ್, ರಾಯಲ್. ಬಣ್ಣಕ್ಕೊಂದು ಒಳಗಿನ ಗುಂಪು. ನೋಡಲು ಬಹಳ ನೀಟಾಗಿತ್ತು. ಹತ್ತನೆಯ ತನಕ ಓದಿದ ನಾನು ಇದನ್ನು ಮಾಡಿದೆ ಎಂದು ಹೆಮ್ಮೆಯೂ ಆಯಿತು. ಲ್ಯಾಪ್‌ಟಾಪು ಚೀಲಕ್ಕೆ ಹಾಕಿಕೊಂಡು, ಮೇಸ್ತ್ರಿಯನ್ನು ಕರೆದುಕೊಂಡು ಸುರಪುರದ ಬಸ್ಸು ಹತ್ತಿದೆ.

ಟೀಚರ್ ಅವರ ಮನೆ ಗುಡ್ಡದ ಕಡೆಯ ಓಣಿಯಲ್ಲಿ. ಗೋಡೆ ಎದ್ದಿತ್ತು, ಗಿಲಾವು ಇರಲಿಲ್ಲ. ಸಿಮೆಂಟಿನ ಚೀಲ ಹಾಸಿ ನಮ್ಮನ್ನು ಕೂಡಿಸಿದರು. ಅವರ ಅತ್ತೆಯೂ ಬಂದು ಕೂತರು. ನಾನು ಒಂದೊಂದೇ ಗುಂಪು ತೆಗೆದು ತೋರಿಸಿದೆ. ಟೀಚರ್ ಸ್ವಲ್ಪ ಹೊತ್ತು ನೋಡಿದರು.

“ಚಿತ್ರ ಭಾಳ ಛಲೋ ಅವ. ಆದ್ರ ಇವು ನನ್ನ ಫೋನಿನ್ಯಾಗೂ ಬರ್ತಾವಲ್ರೀ. ಶೋರೂಮಿನವರೂ ಇವನ್ನೇ ತೋರಿಸ್ಯಾರ.”

ಅತ್ತೆ ಲ್ಯಾಪ್‌ಟಾಪಿನ ಹತ್ತಿರ ಮುಖ ತಂದು ಒಂದು ಬಿಳಿ ಅಡುಗೆಮನೆ ನೋಡುತ್ತಿದ್ದರು.

“ಎವ್ವಾ, ಇದರಾಗ ರೊಟ್ಟಿ ಎಲ್ಲಿ ಬಡೀಬೇಕು?”

“ಕಟ್ಟಿ ಮ್ಯಾಲ ಬಡೀಬಹುದು ಅಮ್ಮಾರ,” ಎಂದೆ.

“ನಿಂತ್ಕೊಂಡು? ನೀ ಬಡದೀ ಏನು?”

“ಇಲ್ರಿ. ನಾ ಕೂತೇ ಬಡೀತೀನಿ.”

“ಮತ್ತ ನನಗ ನಿಂದ್ರಸ್ತೀಯಲ್ಲ?”

ಮೇಸ್ತ್ರಿ ಆ ಕಡೆ ಮುಖ ತಿರುಗಿಸಿ ನಕ್ಕ. ಟೀಚರ್ ನಗಲಿಲ್ಲ. “ಗೌಂಡಿಗಿ ಇನ್ನ ಜರಾ ತಡಿ ಅಂತೀನಿ. ಭಾಳ ದಿನ ತಡಿಯಾಕ ಆಗಂಗಿಲ್ರಿ,” ಎಂದರು. ಆಮೇಲೆ ಕೆಲಸ ಶೋರೂಮಿನವರಿಗೆ ಎಂದು ಅದರ ಅರ್ಥ.

ಬಸ್ಸಿನಲ್ಲಿ ಮೇಸ್ತ್ರಿ ತೂಕಡಿಸುತ್ತಿದ್ದ. ನಾನು ಟೀಚರ್ ಮಾತನ್ನೇ ತಿರುವಿ ನೋಡುತ್ತಿದ್ದೆ. ಇವು ನನ್ನ ಫೋನಿನಲ್ಲೂ ಬರುತ್ತವೆ. ಹೌದು, ಎಲ್ಲರ ಫೋನಿಗೂ ಬರುತ್ತವೆ. ಹಾಗಾದರೆ ಅಕ್ಕನ ಹತ್ತಿರ ಇದ್ದದ್ದು ಏನು? ಚಿತ್ರ ಅಲ್ಲ. ಆ ಚಿತ್ರ ಈ ಊರಿನ ಮನೆಯಲ್ಲಿ ನಿಲ್ಲುತ್ತದೋ ಇಲ್ಲವೋ ಎಂಬ ಲೆಕ್ಕ. ಅದು ಫೋನಿನಲ್ಲಿ ಇರಲಿಲ್ಲ. ಆದರೆ ಆಕೆ ಮಾಡಿಸಿದ ಮನೆಗಳು ಇದ್ದವು, ಎಲ್ಲ ಹತ್ತಿರದಲ್ಲೇ. ಹೋಗಿ ನೋಡಬಹುದಿತ್ತು. ಮಾಡಿ ಮುಗಿಸಿದ ಮನೆಗೆ ತಿರುಗಿ ಹೋಗುವ ರೂಢಿ ನಮಗೆ ಇರಲಿಲ್ಲ. ಗೃಹಪ್ರವೇಶದ ಊಟ ಉಂಡು, ಕುಪ್ಪಸದ ಬಟ್ಟೆ ಹಿಡಿದು ಬಂದರೆ ಆ ಮನೆ ನಮ್ಮ ಪಾಲಿಗೆ ಮುಗಿಯಿತು.

ಮರುದಿನ ಶಹಾಪುರದಲ್ಲೇ ಶುರು ಮಾಡಿದೆ. ಅಕ್ಕನ ಫೋನಿನಲ್ಲಿ ಮೂಲ ಚಿತ್ರ ತೆಗೆದು ಹಿಡಿದು, ಅದೇ ಕೋನದಲ್ಲಿ ನಿಂತು, ಈಗ ಆ ಜಾಗ ಹೇಗಿದೆ ಎಂದು ನನ್ನ ಫೋನಿನಲ್ಲಿ ಫೋಟೊ ತೆಗೆದೆ. ಒಂದು ಮನೆಯಲ್ಲಿ ಟಿವಿ ಹಿಂದಿನ ಗೋಡೆಗೆ ಹೊಡೆಸಿದ್ದ ಸಂದು ಸಂದಿನ ಕಟ್ಟಿಗೆ ಪಟ್ಟಿಗಳ ತುಂಬ ಕೆಂಪು ಧೂಳು ಕೂತು ಗಟ್ಟಿಯಾಗಿತ್ತು. ಒರೆಸಿ ಒರೆಸಿ ಸಾಕಾಗಿ ಮನೆಯಾಕೆ ಅದಕ್ಕೆ ಚಾದರ ಇಳಿಬಿಟ್ಟಿದ್ದಳು. ಇನ್ನೊಂದರಲ್ಲಿ ಅಕ್ಕ ಹಟ ಹಿಡಿದು ಹಾಕಿಸಿದ್ದ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಕಿಟಕಿಕಟ್ಟೆಯ ಮೇಲೆ ಮನೆಯವರೆಲ್ಲ ಸಾಲಾಗಿ ಕೂತಿದ್ದರು. ಬೇಸಗೆಯಲ್ಲಿ ಸೋಫಾದ ಮೇಲೆ ಯಾರೂ ಕೂಡುವುದಿಲ್ಲ, ಇದೇ ತಂಪು ಎಂದರು. ಕಕ್ಕೇರಾದ ಮನೆಯಲ್ಲಿ ದೇವರ ಜಗಲಿ ಚಿತ್ರದಲ್ಲಿದ್ದ ಹಾಗೇ ಇತ್ತು. ಬಾಗಿಲು ಮಾತ್ರ ತೆಗೆದು ಮಾಳಿಗೆಯ ಮೇಲೆ ಇಟ್ಟಿದ್ದರು. “ದೇವರಿಗಿ ಕದಾ ಹಾಕಿದ್ರ ನಮಗ ಸಂಕಟ ಆತವಾ” ಎಂದರು.

ಹುಣಸಗಿಯ ಮನೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅಕ್ಕನ ಅತ್ಯಂತ ಪ್ರೀತಿಯ ಕೆಲಸ ಅದು. ಹೊಳೆಯುವ ಬೂದು ಬಣ್ಣದ ಅಡುಗೆಮನೆ. ಚಿತ್ರಕ್ಕೂ ಮನೆಗೂ ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ನಮ್ಮ ಅಂಗಡಿಯ ಗೋಡೆಯ ಮೇಲೆ ಅದರದೇ ದೊಡ್ಡ ಫೋಟೊ ಇದೆ.

ಮನೆಯಾಕೆ ನನ್ನನ್ನು ನೋಡಿದ ಕೂಡಲೇ ಅಕ್ಕನನ್ನು ನೆನೆದು ಅತ್ತಳು. ಆಮೇಲೆ ಅಡುಗೆಮನೆ ನೋಡಬೇಕು ಎಂದೆ. ಆಕೆಯ ಮುಖ ಬೇರೆಯಾಯಿತು. “ಮೊದಲ ಚಹಾ ಕುಡೀರಿ,” ಎಂದಳು. ಚಹಾ ಹಿತ್ತಲಿನಿಂದ ಬಂತು. ನಾನು ಎದ್ದು ಹಿತ್ತಲಿಗೆ ಹೋದೆ. ಅಲ್ಲಿ ತಗಡಿನ ಕೆಳಗೆ ಒಲೆ, ನೆಲದ ಮೇಲೆ ರೊಟ್ಟಿ ಬಡಿಯುವ ಕಲ್ಲು, ಮಣೆ, ಹಿಟ್ಟಿನ ಪರಾತ. ಒಳಗೆ ಬಂದು ಅಡುಗೆಮನೆಯ ಕದ ನೂಕಿದೆ. ಹೊಳಪು ಹಾಗೇ ಇತ್ತು. ಕೆಳಗಿನ ಕಪಾಟಿನ ಬಾಗಿಲುಗಳು ಜೋತು ಬಿದ್ದಿದ್ದವು. ಹಳೆಯ ಸೀರೆಯ ಅಂಚು ಹರಿದು ಹಿಡಿಕೆಯಿಂದ ಹಿಡಿಕೆಗೆ ಕಟ್ಟಿದ್ದರು.

“ಯಾವಾಗ ಆತ್ರಿ ಇದು?”

“ಮೊದಲನೇ ವರ್ಷನೇ ಆತವಾ. ನಾ ಕಟ್ಟಿ ಮ್ಯಾಲ ರೊಟ್ಟಿ ಬಡದೆ. ಬಡದಂಗ ಬಡದಂಗ ಮೊಳಿ ಸಡಲಾಗಿ ಒಂದೊಂದೇ ಬಾಗಲಾ ಕಳಚಿದ್ವು.”

“ನಮಗ ಯಾಕ ಹೇಳಲಿಲ್ರಿ?”

“ಹ್ಯಾಂಗ ಹೇಳೂದು? ನಿಮ್ಮಕ್ಕ ಎಷ್ಟು ಆಸೀಲಿಂದ ಮಾಡಿದ್ದಳು. ನಮ್ಮ ಮನ್ಯಾಗ ಕೂತು ಹೋಳಗಿ ಉಂಡು ಹೋಗ್ಯಾಳ. ಉಂಡಾಕೀಗಿ ನಿನ್ನ ಕೆಲಸ ಕೆಟ್ಟದ ಅನ್ನಾಕ ಬರ್ತದೇನು? ಈಗ ಮಂದಿ ಬಂದಾಗ ಈ ಕದಾ ತೆರೀತೀವಿ. ನಮ್ಮ ಅಡಗಿ ಹಿತ್ತಲದಾಗ.”

ಮಂಡಿಯೂರಿ ಕೂತು ನೋಡಿದೆ. ಕಟ್ಟೆಯ ಕಲ್ಲು ನೇರ ಕಪಾಟಿನ ಮೇಲೆಯೇ ಕೂತಿತ್ತು. ಕೆಳಗೆ ಇಟ್ಟಿಗೆಯ ಆಸರೆ ಇಲ್ಲ. ಕಪಾಟು ಕಟ್ಟಿಗೆಯ ಹೊಟ್ಟು ಒತ್ತಿ ಮಾಡಿದ ಹಲಗೆಯದು. ಆ ಹೊಳಪು ಅದರಲ್ಲೇ ಅಗ್ಗಕ್ಕೆ ಸಿಗುತ್ತದೆ ಎಂದು ಅಕ್ಕ ಆರಿಸಿದ್ದಳು. ಇಂಥ ಅಡುಗೆಮನೆಯ ಚಿತ್ರ ಹಾಕುವವರ ಊರಿನಲ್ಲಿ ರೊಟ್ಟಿ ಬಡಿಯುವುದಿಲ್ಲ. ದಿನವೂ ಬೀಳುವ ಅಂಗೈ ಏಟಿಗೆ ಆ ಹಲಗೆ ಮೊಳೆ ಹಿಡಿದು ನಿಲ್ಲುವುದಿಲ್ಲ. ನಾವೂ ಕೈಯಲ್ಲಿ ರೊಟ್ಟಿ ಬಡಿದು ಉಂಡು ಬೆಳೆದವರೇ. ಚಿತ್ರ ನೋಡುವಾಗ ಅದು ನೆನಪಾಗಲಿಲ್ಲ. ಆಕೆಗೂ ಆಗಲಿಲ್ಲ, ಅಳತೆ ಹಿಡಿದು ಪಕ್ಕದಲ್ಲೇ ನಿಂತಿದ್ದ ನನಗೂ ಆಗಲಿಲ್ಲ.

“ಇದರ ಫೋಟೊ ತೆಗಿಲೇನ್ರಿ? ಬ್ಯಾರೇ ಮಂದೀಗಿ ತೋರಸ್ತೀನಿ. ಮೊಬೈಲಿನ್ಯಾಗೂ ಹಾಕ್ತೀನಿ. ಹೆಸರು ಹೇಳಂಗಿಲ್ಲ.”

ಆಕೆ ಸೀರೆಯ ಅಂಚಿನ ಗಂಟು ಮುಟ್ಟಿ, “ತಕ್ಕೋ. ಇನ್ನೊಬ್ಬಾಕಿ ಸೀರಿ ಹರಿಯೂದು ತಪ್ಪಲಿ,” ಎಂದಳು. ಮೇಸ್ತ್ರಿಯನ್ನು ಕಳಿಸಿ ಇಟ್ಟಿಗೆ ಆಸರೆ ಕೊಟ್ಟು ಸರಿಮಾಡಿಸುತ್ತೇನೆ ಎಂದು ಹೇಳಿ ಬಂದೆ. ಅದನ್ನು ಮುಂದೆ ಮಾಡಿಸಿದೆ.

ಮಾಮಾ ಅಂಗಡಿಗೆ ಬಂದಾಗ ಲ್ಯಾಪ್‌ಟಾಪಿನಲ್ಲಿ ಆ ಫೋಟೊ ತೆರೆದೇ ಇತ್ತು. ಗೋಡೆಯ ಮೇಲಿನ ಫೋಟೊ ನೋಡಿದರು, ಇದನ್ನು ನೋಡಿದರು.

“ಇದು ಅದೇ ಮನಿ ಏನು?”

“ಅದೇ.”

“ಅಳಿಸು.”

“ಇಲ್ಲ ಮಾಮಾ. ಎರಡೂ ಜೋಡಿ ಮಾಡಿ ಇಡ್ತೀನಿ. ಸುರಪುರದಾಗ ತೋರಸ್ತೀನಿ.”

“ಸತ್ತಾಕಿ ತಪ್ಪ ಊರಿಗೆಲ್ಲ ತೋರಸ್ತೀ? ಆಕಿ ಬಂದು ಜವಾಬ್ ಕೊಡ್ತಾಳೇನು?”

“ಆಕಿ ಇದ್ರ ಮರುದಿನಾನೇ ಮೇಸ್ತ್ರೀನ ಕರಕೊಂಡು ಹುಣಸಗಿಗಿ ಹೋಗ್ತಿದ್ದಳು. ಆಕಿ ಇಲ್ಲ, ನಾ ಹೋಗಿ ಬಂದೀನಿ. ಛಲೋದಷ್ಟೇ ಇಟ್ರ ಅದು ಫೋಟೊಕ್ಕ ಮಾಲಿ ಹಾಕಿದಂಗ ಆತದ ಮಾಮಾ. ನಾ ಆಕೀಗಿ ಮಾಲಿ ಹಾಕಂಗಿಲ್ಲ. ಆಕಿ ಕೆಲಸ ಮಾಡ್ತೀನಿ.”

ಅವರು ಎದ್ದು ಹೋದರು. ಅವರ ಬೆನ್ನು ನೋಡಿ ನನಗೂ ಸಂಕಟವಾಯಿತು. ಆದರೆ ಅಳಿಸಲಿಲ್ಲ.

ಮಾಡರ್ನ್, ರಾಯಲ್ ಎಲ್ಲ ತೆಗೆದೆ. ಮನೆಯಲ್ಲಿ ನಡೆಯುವ ಕೆಲಸದ ಹೆಸರಿನಲ್ಲಿ ಹೊಸ ಗುಂಪು ಮಾಡಿದೆ: ರೊಟ್ಟಿ, ನೀರು, ದೇವರು, ಧೂಳು, ನೆಂಟರು, ಮಧ್ಯಾಹ್ನದ ಬಿಸಿಲು. ಒಂದೊಂದು ಗುಂಪಿನಲ್ಲೂ ಎಡಕ್ಕೆ ಆನ್‌ಲೈನಿನ ಚಿತ್ರ, ಬಲಕ್ಕೆ ನಮ್ಮ ಮನೆ. ಕೆಳಗೆ ಒಂದು ಸಾಲು: ನಿಂತಿದೆ, ಅಥವಾ ನಿಂತಿಲ್ಲ, ಯಾಕೆ. ಜೋಡಿ ಇಲ್ಲದ ಚಿತ್ರಗಳೇ ಹೆಚ್ಚಿದ್ದವು. ಅವನ್ನು ‘ಇನ್ನೂ ನೋಡಿಲ್ಲ’ ಎಂಬಲ್ಲಿ ಹಾಕಿದೆ. ಯಾವ ಕಾಲಕ್ಕೂ ಇಲ್ಲಿ ನಿಲ್ಲದಂಥವನ್ನು, ನೆಲಕ್ಕೆಲ್ಲ ಬಿಳಿ ಜಮಖಾನ, ಪಶ್ಚಿಮದ ಗೋಡೆ ಪೂರ್ತಿ ಗಾಜು, ಇಂಥವನ್ನು ಅಳಿಸಿದೆ. ಅಕ್ಕನೇ ಉಳಿಸಿಟ್ಟಿದ್ದ ಚಿತ್ರಗಳು. ಈ ಸಲ ಕೈ ಹಿಂಜರಿಯಲಿಲ್ಲ ಎಂದರೆ ಸುಳ್ಳು. ಹಿಂಜರಿಯಿತು, ಅಳಿಸಿತು.

ಎರಡನೆಯ ಸಲ ಸುರಪುರಕ್ಕೆ ಹೋದಾಗ ಮೊದಲು ತೆಗೆದದ್ದು ರೊಟ್ಟಿಯ ಗುಂಪು. ಸೀರೆಯ ಅಂಚು ಕಟ್ಟಿದ ಬಾಗಿಲು ನೋಡಿ ಟೀಚರ್ ತಲೆ ಎತ್ತಿದರು.

“ಇದು ಯಾರು ಮಾಡಿದ್ದು?”

“ನಾವೇ. ನಮ್ಮಕ್ಕ ಆರಿಸಿದ್ದು, ನಾ ಅಳತಿ ತಗೊಂಡಿದ್ದು.”

“ಇದನ್ನ ಯಾಕ ನನಗ ತೋರಸಾಕತ್ತೀರಿ?”

“ಶೋರೂಮಿನವರು ನಿಮಗ ಇದೇ ಬಣ್ಣ ತೋರಿಸ್ಯಾರಂತ, ಮೇಸ್ತ್ರಿ ಹೇಳಿದ. ಅವರು ಎಡಗಡಿ ಚಿತ್ರ ಅಷ್ಟೇ ತೋರಸ್ತಾರ. ಬಲಗಡಿದು ನಮ್ಮ ಕಡಿ ಅಷ್ಟೇ ಅದ.”

ಅತ್ತೆ ಜೋರಾಗಿ ನಕ್ಕರು. “ನಿಂದರಿಸಿ ಬಡಿಸಿದ್ರ ಹಿಂಗೇ ಆಗೂದು,” ಎಂದರು. ನಾನು ಹೇಳಿದೆ: ಎರಡು ಎತ್ತರದ ಕಟ್ಟೆ ಮಾಡೋಣ. ಬೆಳಿಗ್ಗೆ ಶಾಲೆಯ ಅವಸರಕ್ಕೆ ನಿಂತು ಮಾಡುವವರಿಗೆ ಒಂದು. ಕೂತು ರೊಟ್ಟಿ ಬಡಿಯುವವರಿಗೆ ತಗ್ಗಿನದೊಂದು, ಫರಸಿ ಕಲ್ಲಿನದು, ಕೆಳಗೆ ಇಟ್ಟಿಗೆಯ ಆಸರೆ. ಕಪಾಟು ಕಲ್ಲಿಗೆ ತಾಗದಂತೆ ಬೇರೆ ನಿಲ್ಲಬೇಕು.

“ಸಾಲು ಕೆಡ್ತದ ಸಣ್ಣಕ್ಕ. ಒಂದು ಮ್ಯಾಲ ಒಂದು ಕೆಳಗ, ಚಂದ ಕಾಣಂಗಿಲ್ಲ,” ಎಂದ ಮೇಸ್ತ್ರಿ.

“ಕೆಡಲಿ.”

ಅತ್ತೆ ಆಗಲೇ ಮಣೆ ತರಿಸಿ ಅಡುಗೆಮನೆಯ ಮೂಲೆಯಲ್ಲಿ ಕೂತಿದ್ದರು. ಬರಿಗೈಯಲ್ಲಿ ಗಾಳಿಯಲ್ಲೇ ರೊಟ್ಟಿ ಬಡಿದರು, ಅಂಗೈ ಎಲ್ಲಿ ಬೀಳುತ್ತದೆ ನೋಡಿಕೊಂಡರು. ಆಮೇಲೆ ಒಂದು ಇಟ್ಟಿಗೆ ಚೂರು ಎತ್ತಿ ಗೋಡೆಯ ಮೇಲೆ ಗೆರೆ ಎಳೆದರು. “ಇಲ್ಲಿಗಿ.” ಟೀಚರ್ ಪಕ್ಕದಲ್ಲಿ ನಿಂತು ತಮ್ಮ ಎತ್ತರಕ್ಕೆ ಇನ್ನೊಂದು ಗೆರೆ ಎಳೆದರು. ನಾನು ಟೇಪು ಹಿಡಿದೆ. ಗೌಂಡಿ ಮರುದಿನ ಕಟ್ಟೆ ಶುರು ಮಾಡಿದ. ಕೆಲಸ ನಮಗೇ ಉಳಿಯಿತು.

ಆ ಎರಡು ಗೆರೆಗಳ ಫೋಟೊ ತೆಗೆದುಕೊಂಡು ಬಂದೆ. ಅದನ್ನೂ, ಹುಣಸಗಿಯ ಜೋಡಿಯನ್ನೂ ಅಕ್ಕನ ಖಾತೆಯಿಂದ ಪಿಂಟರೆಸ್ಟಿನಲ್ಲಿ ಹಾಕಿದೆ. ಅಕ್ಕ ಅಲ್ಲಿಂದ ಇಷ್ಟು ವರ್ಷ ಚಿತ್ರ ತೆಗೆದುಕೊಂಡಿದ್ದಳು, ಆ ಖಾತೆಯಿಂದ ಹಾಕಿದ್ದು ಇದೇ ಮೊದಲು. ಕೆಳಗೆ ಕನ್ನಡದಲ್ಲೇ ಬರೆದೆ: ಜೋಳದ ರೊಟ್ಟಿ ಬಡಿಯುವ ಮನೆಯಲ್ಲಿ ಹೀಗೆ ಮಾಡಬೇಡಿ, ಹೀಗೆ ಮಾಡಿ.

ಕೆಲವು ವಾರ ಕಳೆದು ಮಾಮಾ ಅಂಗಡಿಗೆ ಬಂದರು. ನಾನು ಟೀಚರ್ ಮನೆಯ ಪರದೆ ಹೊಲಿಯುತ್ತಿದ್ದೆ. ಅವರು ಕೂತು ಗೋಡೆ ನೋಡುತ್ತಿದ್ದರು. ಹುಣಸಗಿಯ ಫೋಟೊದ ಪಕ್ಕದಲ್ಲಿ ನಾನು ಅದರ ಜೋಡಿಯನ್ನೂ ಅಂಟಿಸಿದ್ದೆ. ಹಾಗೆ ಕೂತಿರುವಾಗ ಮೇಜಿನ ಮೇಲಿದ್ದ ಅಕ್ಕನ ಫೋನು ಬೆಳಗಿತು. ಸದ್ದು ಬಂದ್ ಮಾಡಿದ್ದೆ, ಬೆಳಕು ಮಾತ್ರ. ನನ್ನ ಕೈ ಯಂತ್ರದ ಮೇಲಿತ್ತು. ಮಾಮಾ ಫೋನು ಎತ್ತಿ, ಕಣ್ಣಿನ ಹತ್ತಿರ ಹಿಡಿದರು.

“ಏನ್ ಅಂತದ? ಮತ್ತ ಹೊಸಾ ಪಲ್ಲಂಗ ಅಂತೇನು?”

ನಾನು ಬಗ್ಗಿ ನೋಡಿದೆ. “ಅಲ್ರಿ. ಯಾರೋ ಹುಣಸಗಿ ಅಡಗಿಮನಿ ಸೇವ್ ಮಾಡಿಕೊಂಡಾರ.”

“ಯಾರು?”

“ಗೊತ್ತಿಲ್ರಿ. ಎಲ್ಲಿಯವರೋ.”

ಅವರು ಫೋನಿನ ಬೆಳಕು ಆರುವ ತನಕ ಅದನ್ನೇ ನೋಡಿದರು. ನಾನು ಮತ್ತೆ ಯಂತ್ರ ತುಳಿಯತೊಡಗಿದೆ. ಒಂದು ಪರದೆಯ ಅಂಚು ಮುಗಿಯಿತು. ಫೋನು ಇನ್ನೂ ಅವರ ಕೈಯಲ್ಲೇ ಇತ್ತು.

“ಇದರ ರೀಚಾರ್ಜ್ ಯಾವಾಗ ಮುಗೀತದ?” ಎಂದು ಕೇಳಿದರು.